ಮನೆಯಲ್ಲೇ ಪಾಸ್‌ಪೋರ್ಟ್ ಸೈಜ್ ಫೋಟೊ: ಅಳತೆ ಕೆಡುವುದು ಎಲ್ಲಿ?

ಮನೆಯಲ್ಲಿ ಪ್ರಿಂಟ್ ಮಾಡಿದ ಪಾಸ್‌ಪೋರ್ಟ್ ಸೈಜ್ ಫೋಟೊ ಮೇಲೆ ಒಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಅಗಲ 35 ಮಿ.ಮೀ. ಇರಬೇಕಾದ ಕಡೆ 34 ಅಥವಾ 36 ಬಂದಿರುತ್ತದೆ. ಕತ್ತರಿಸಿದವರ ಕೈ ತಪ್ಪಿರುವುದು ಕಡಿಮೆ. ಫೋನಿನಿಂದ ಕಾಗದದವರೆಗೆ ಬರುವಷ್ಟರಲ್ಲಿ ಯಾವುದೋ ಒಂದು ಸಾಫ್ಟ್‌ವೇರ್ ನಮ್ಮನ್ನು ಕೇಳದೆ ಚಿತ್ರವನ್ನು ಹಿಗ್ಗಿಸಿರುತ್ತದೆ ಅಥವಾ ಕುಗ್ಗಿಸಿರುತ್ತದೆ. ಜೂನ್ ತಿಂಗಳ ಅಡ್ಮಿಷನ್ ಸಮಯದಲ್ಲಿ ಮಂಡ್ಯ, ಮೈಸೂರಿನ ಜೆರಾಕ್ಸ್ ಅಂಗಡಿಗಳಿಗೆ ಮನೆಯ ಪ್ರಿಂಟ್ ಹಿಡಿದುಕೊಂಡು ಬಂದು ‘ಸ್ವಲ್ಪ ಸೈಜ್ ಸರಿ ಮಾಡಿಕೊಡಿ ಅಣ್ಣ’ ಅನ್ನುವವರು ಬಹಳ. ಪ್ರಿಂಟ್ ಆದ ಮೇಲೆ ಸರಿ ಮಾಡಲು ಬರುವುದಿಲ್ಲ. ಮೊದಲೇ ಮಾಡಿಕೊಳ್ಳುವ ರೀತಿ ಇಲ್ಲಿದೆ.

ಮೊದಲು ಯಾವ ಅಳತೆ ಬೇಕು ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಪಾಸ್‌ಪೋರ್ಟ್ ಸೈಜ್ ಅಂದರೆ 35 × 45 ಮಿ.ಮೀ. ಪ್ಯಾನ್ ಕಾರ್ಡ್ ಅರ್ಜಿಯ ಫೋಟೊ ಜಾಗ 25 × 35. ಸ್ಟ್ಯಾಂಪ್ ಸೈಜ್ 20 × 25. ಅಮೆರಿಕದ ವೀಸಾಗೆ 51 × 51, ಅಂದರೆ ಎರಡು ಇಂಚಿನ ಚೌಕ. ಇವುಗಳ ಉದ್ದ-ಅಗಲದ ಅನುಪಾತ ಬೇರೆ ಬೇರೆ. ಆದ್ದರಿಂದ ಒಂದರಿಂದ ಇನ್ನೊಂದನ್ನು ಎಳೆದು ಮಾಡಬಾರದು, ಮೂಲ ಫೋಟೊದಿಂದ ಮತ್ತೆ ಕ್ರಾಪ್ ಮಾಡಬೇಕು. ಎಳೆದರೆ ಮುಖ ದಪ್ಪವಾಗುತ್ತದೆ, ಇಲ್ಲವೇ ಉದ್ದವಾಗುತ್ತದೆ. ಇನ್ನೊಂದು ಮಾತು: ಪಾಸ್‌ಪೋರ್ಟಿಗೆ ಹೋಗುವವರು ಫೋಟೊ ಪ್ರಿಂಟ್ ಒಯ್ಯಬೇಕಾಗಿಲ್ಲ, ಸೇವಾ ಕೇಂದ್ರದಲ್ಲೇ ತೆಗೆಯುತ್ತಾರೆ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮಾತ್ರ ಬಿಳಿ ಹಿನ್ನೆಲೆಯ 35 × 45 ಫೋಟೊ ಬೇಕು.

ಫೋಟೊ ತೆಗೆಯುವಾಗ ಸೆಲ್ಫಿ ಬೇಡವೇ ಬೇಡ. ಕೈ ಚಾಚಿದಷ್ಟು ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಇದನ್ನು ಆಮೇಲೆ ಯಾವ ಸಾಫ್ಟ್‌ವೇರಿನಲ್ಲೂ ಸರಿಯಾಗಿ ತಿದ್ದಲಾಗದು. ಬೇರೆಯವರು ಒಂದೂವರೆಯಿಂದ ಎರಡು ಮೀಟರ್ ದೂರ ನಿಂತು, ಫೋನಿನಲ್ಲಿ 2ಎಕ್ಸ್ ಲೆನ್ಸ್ ಇದ್ದರೆ ಅದನ್ನು ಇಟ್ಟು, ಫೋನನ್ನು ಕಣ್ಣಿನ ಎತ್ತರಕ್ಕೆ ಹಿಡಿದು ತೆಗೆಯಲಿ. ಬ್ಯೂಟಿ ಮೋಡ್, ಪೋರ್ಟ್ರೇಟ್ ಮೋಡ್ ಎರಡೂ ಆಫ್ ಇರಲಿ. ಪೋರ್ಟ್ರೇಟ್ ಮೋಡ್ ಕಿವಿಯನ್ನೂ ಕೂದಲಿನ ಅಂಚನ್ನೂ ಮಸುಕು ಮಾಡಿಬಿಡುತ್ತದೆ. ಹಿನ್ನೆಲೆಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಸಾಕು. ಅದಕ್ಕೆ ಒರಗಿ ನಿಲ್ಲದೆ ಎರಡು ಮೂರು ಅಡಿ ಮುಂದೆ ಕೂತರೆ ನೆರಳು ಬೀಳುವುದಿಲ್ಲ. ಬೆಳಕು ಕಿಟಕಿಯಿಂದ ಅಥವಾ ಮುಂಬಾಗಿಲಿನಿಂದ ನೇರ ಮುಖಕ್ಕೆ ಬರಲಿ, ಕೋಣೆಯ ಬಲ್ಬ್ ಆರಿಸಿ. ಹಗಲಿನ ಬೆಳಕೂ ಹಳದಿ ಬಲ್ಬೂ ಸೇರಿದರೆ ಕೆನ್ನೆಯ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿಯಾಗಿ ಕೂರುತ್ತದೆ. ಬಿಳಿ ಶರ್ಟ್ ಹಾಕಿಕೊಂಡರೆ ಹೆಗಲು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ, ಗಾಢ ಬಣ್ಣದ್ದು ಒಳ್ಳೆಯದು. ಹಸುಗೂಸಾದರೆ ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ ಮೇಲಿನಿಂದ ತೆಗೆಯಿರಿ.

ಫೋನಿನಿಂದ ಕಂಪ್ಯೂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಸುಮ್ಮನೆ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಕಳಿಸುತ್ತದೆ, ಕ್ರಾಪ್ ಮಾಡಿದ ಮೇಲೆ ಮುಖಕ್ಕೆ ಉಳಿಯುವ ಪಿಕ್ಸೆಲ್ ಸಾಲದೆ ಹೋಗುತ್ತದೆ.

ತಿದ್ದುವುದಕ್ಕೆ ಗಿಂಪ್ (GIMP) ಎಂಬ ಫೋಟೊ ತಿದ್ದುವ ಸಾಫ್ಟ್‌ವೇರ್ ಸಾಕು. ಅದು ಪೂರ್ತಿ ಉಚಿತ, ಅಂಗಡಿಯಲ್ಲೂ ಬಳಸಬಹುದು. ಇರ್ಫಾನ್‌ವ್ಯೂ ಎಂಬ ಇನ್ನೊಂದು ಸಾಫ್ಟ್‌ವೇರ್ ಉಚಿತವಾಗಿರುವುದು ಮನೆಬಳಕೆಗೆ, ವ್ಯಾಪಾರಕ್ಕೆ ಲೈಸೆನ್ಸ್ ಕೊಳ್ಳಬೇಕು. ಗಿಂಪ್‌ನ ಕ್ರಾಪ್ ಟೂಲ್‌ನಲ್ಲಿ ‘ಫಿಕ್ಸೆಡ್’ ಗುರುತು ಹಾಕಿ, ‘ಆಸ್ಪೆಕ್ಟ್ ರೇಶಿಯೊ’ ಆರಿಸಿ 35:45 ಎಂದು ಬರೆಯಿರಿ. ಗಲ್ಲದಿಂದ ನೆತ್ತಿಯವರೆಗೆ ಚೌಕಟ್ಟಿನ ಎತ್ತರದ 70ರಿಂದ 80 ಪ್ರತಿಶತ ಬರಲಿ, ಅಂದರೆ 45 ಮಿ.ಮೀ.ನಲ್ಲಿ ಸುಮಾರು 32ರಿಂದ 36. ನಂತರ ‘ಇಮೇಜ್’ ಮೆನುವಿನ ‘ಸ್ಕೇಲ್ ಇಮೇಜ್’ನಲ್ಲಿ 413 × 531 ಪಿಕ್ಸೆಲ್, ರೆಸಲ್ಯೂಶನ್ 300 ಕೊಡಿ. ಇಂಚಿಗೆ 300 ಪಿಕ್ಸೆಲ್ ಅಂದರೆ ಒಂದು ಮಿ.ಮೀ.ಗೆ 11.81. ಯಾವ ಅಳತೆ ಬಂದರೂ ಈ ಸಂಖ್ಯೆಯಿಂದ ಗುಣಿಸಿದರೆ ಆಯಿತು. ಬರೀ ‘ಪ್ರಿಂಟ್ ಸೈಜ್’ನಲ್ಲಿ 300 ಎಂದು ಬರೆದರೆ ಮಸುಕು ಫೋಟೊ ಸ್ಪಷ್ಟವಾಗುವುದಿಲ್ಲ, ಅದು ಫೈಲಿನ ಮೇಲಿನ ಚೀಟಿಯನ್ನಷ್ಟೇ ಬದಲಿಸುತ್ತದೆ.

ಬಣ್ಣವನ್ನು ಕ್ರಾಪ್ ಮಾಡುವ ಮೊದಲೇ ತಿದ್ದಿಕೊಂಡರೆ ಒಳ್ಳೆಯದು. ಅದಕ್ಕೆ ‘ಕಲರ್ಸ್’ ಮೆನುವಿನ ‘ಲೆವೆಲ್ಸ್’ ತೆರೆದು, ಬಿಳಿ ಬಿಂದು ಆರಿಸುವ ಕಡ್ಡಿಯಿಂದ ಹಿನ್ನೆಲೆಯ ಪಂಚೆಯನ್ನು ಒತ್ತಿ. ಹಿನ್ನೆಲೆ ಬೆಳ್ಳಗಾಗುವುದರ ಜೊತೆಗೆ ಚರ್ಮದ ಬಣ್ಣವೂ ನೆಟ್ಟಗಾಗುತ್ತದೆ. ಮುಖವನ್ನು ಬೆಳ್ಳಗೆ ಮಾಡುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ಗುರುತಿನ ಫೋಟೊ ಗುರುತು ಸಿಗುವಂತಿರಬೇಕು. ಹಿನ್ನೆಲೆ ಅಳಿಸಿಕೊಡುವ ವೆಬ್‌ಸೈಟ್‌ಗಳು ಸುಲಭವೇ, ಆದರೆ ಬೇರೆಯವರ ಮುಖವನ್ನು ಅವರನ್ನು ಕೇಳದೆ ಅಲ್ಲಿಗೆ ಏರಿಸುವುದು ಸರಿಯಲ್ಲ.

ಒಂದೇ ಹಾಳೆಯಲ್ಲಿ ಎಂಟು ಫೋಟೊ ಜೋಡಿಸಲು ಗಿಂಪ್‌ಗಿಂತ ಲಿಬ್ರೆಆಫೀಸ್ ಡ್ರಾ ಒಳ್ಳೆಯದು. ಅದರಲ್ಲಿ ಸಂಖ್ಯೆಯ ಜೊತೆ mm ಎಂದು ಬರೆದು ಅಳತೆಯನ್ನು ಮಿ.ಮೀ. ಲೆಕ್ಕದಲ್ಲೇ ಕೊಡಬಹುದು. 4 × 6 ಇಂಚಿನ ಫೋಟೊ ಪೇಪರ್ ಅಡ್ಡಲಾಗಿ 152.4 × 101.6 ಮಿ.ಮೀ. ಪುಟದ ಅಳತೆಯನ್ನು ಹಾಗೇ ಕೊಟ್ಟು, ಸುತ್ತಲಿನ ಮಾರ್ಜಿನ್ ಸೊನ್ನೆ ಮಾಡಿ. ಚಿತ್ರ ಸೇರಿಸಿ ಎಫ್4 ಒತ್ತಿ: ಅಗಲ 35, ಎತ್ತರ 45, ಎಕ್ಸ್ ಸ್ಥಾನ 4.7, ವೈ ಸ್ಥಾನ 5.3. ಶಿಫ್ಟ್ ಹಿಡಿದು ಎಫ್3 ಒತ್ತಿದರೆ ‘ಡುಪ್ಲಿಕೇಟ್’ ಕಿಟಕಿ ಬರುತ್ತದೆ. ಅಲ್ಲಿ ಮೂರು ಪ್ರತಿ, ಎಕ್ಸ್ 36, ವೈ 0. ಈಗ ನಾಲ್ಕನ್ನೂ ಒಟ್ಟಿಗೆ ಆರಿಸಿ ಮತ್ತೆ ಡುಪ್ಲಿಕೇಟ್: ಒಂದು ಪ್ರತಿ, ಎಕ್ಸ್ 0, ವೈ 46. ಎಂಟು ಫೋಟೊ, ನಡುವೆ ಒಂದೊಂದು ಮಿ.ಮೀ. ಸಂದು, ಸುತ್ತ ಸುಮಾರು ಐದು ಮಿ.ಮೀ. ಜಾಗ. ಹಿನ್ನೆಲೆಯೂ ಬಿಳಿ, ಕಾಗದವೂ ಬಿಳಿಯಾದ್ದರಿಂದ ಎಲ್ಲಿ ಕತ್ತರಿಸಬೇಕೆಂದೇ ತಿಳಿಯದು. ಪ್ರತಿ ಮಾಡುವ ಮೊದಲೇ ಚಿತ್ರಕ್ಕೆ ತೆಳು ಬೂದು ಗೆರೆ ಹಾಕಿ. ಎ4 ಹಾಳೆಯಾದರೆ ಇದೇ ಲೆಕ್ಕದಲ್ಲಿ ಸಾಲಿಗೆ ಐದರಂತೆ ಆರು ಸಾಲು, 30 ಫೋಟೊ ಕೂರುತ್ತವೆ. ಪಿಡಿಎಫ್ ಆಗಿ ಉಳಿಸುವಾಗ ಚಿತ್ರದ ಗುಣಮಟ್ಟ ಕೆಡದಂತೆ ‘ಲಾಸ್‌ಲೆಸ್’ ಆರಿಸಿ.

ಅಳತೆ ಕೆಡುವ ಜಾಗ ಇನ್ನು ಮುಂದಿನದು. ಪಿಡಿಎಫ್ ಪ್ರಿಂಟ್ ಕೊಡುವಾಗ ‘ಫಿಟ್’ ಎಂದಿದ್ದರೆ ಪ್ರಿಂಟರ್ ತನ್ನ ಮಾರ್ಜಿನ್ ಒಳಗೆ ಹಿಡಿಸಲು ಇಡೀ ಹಾಳೆಯನ್ನು ಕುಗ್ಗಿಸುತ್ತದೆ. ಅದನ್ನು ‘ಆಕ್ಚುಯಲ್ ಸೈಜ್’ ಅಥವಾ 100 ಪ್ರತಿಶತ ಮಾಡಿ. ‘ಬಾರ್ಡರ್‌ಲೆಸ್’ ಇದಕ್ಕೆ ತದ್ವಿರುದ್ಧ: ಅಂಚಿನಲ್ಲಿ ಬಿಳಿ ಉಳಿಯದಿರಲೆಂದು ಚಿತ್ರವನ್ನು ತುಸು ಹಿಗ್ಗಿಸಿ, ಹಾಳೆಯ ಆಚೆಗೂ ಇಂಕ್ ಚೆಲ್ಲುತ್ತದೆ. 35 ಇದ್ದದ್ದು 36 ಆಗುವುದು ಹೀಗೆ. ಸುತ್ತ ಐದು ಮಿ.ಮೀ. ಬಿಟ್ಟಿರುವುದೇ ಬಾರ್ಡರ್‌ಲೆಸ್ ಬೇಡವಾಗಲಿ ಎಂದು. ಡ್ರೈವರಿನಲ್ಲಿ, ಅಂದರೆ ಪ್ರಿಂಟರಿನ ಸೆಟ್ಟಿಂಗ್ ಕಿಟಕಿಯಲ್ಲಿ, ಪೇಪರ್ ಸೈಜ್ 4 × 6 ಇಂಚು ಎಂದೇ ಇರಬೇಕು, ಎ6 ಎಂದಿದ್ದರೆ ಅದು ಬೇರೆ ಅಳತೆ. ಮೊದಲ ಸಲ ಸಾದಾ ಹಾಳೆಯಲ್ಲಿ ತೆಗೆದು ಸ್ಕೇಲ್ ಇಡಿ. ಒಂದು ಫೋಟೊ ಅಳೆದರೆ ಅರ್ಧ ಮಿ.ಮೀ. ವ್ಯತ್ಯಾಸ ಕಣ್ಣಿಗೆ ಬೀಳದು. ಮೊದಲ ಫೋಟೊದ ಎಡ ಅಂಚಿನಿಂದ ನಾಲ್ಕನೆಯದರ ಬಲ ಅಂಚಿನವರೆಗೆ ಅಳೆಯಿರಿ, 143 ಬರಬೇಕು. 139 ಬಂದರೆ ಯಾರೋ ಕುಗ್ಗಿಸಿದ್ದಾರೆ, 147 ಬಂದರೆ ಹಿಗ್ಗಿಸಿದ್ದಾರೆ.

ಪೇಪರ್ ಟೈಪ್ ಕೂಡ ಅಷ್ಟೇ ಮುಖ್ಯ. ಗ್ಲಾಸಿ ಹಾಳೆ ಹಾಕಿ ಡ್ರೈವರಿನಲ್ಲಿ ‘ಪ್ಲೇನ್’ ಬಿಟ್ಟರೆ, ಪಿಗ್ಮೆಂಟ್ (ಸಣ್ಣ ಕಣಗಳ) ಕಪ್ಪು ಇಂಕ್ ಇರುವ ಪ್ರಿಂಟರುಗಳು ಅದೇ ಕಪ್ಪನ್ನು ಮೇಲೆ ಕೂರಿಸುತ್ತವೆ. ಅದು ಹೀರಿಕೊಳ್ಳದೆ ಬೆರಳಿಗೆ ಅಂಟಿ ಕೂದಲೆಲ್ಲ ಮುಖದ ಮೇಲೆ ಬಳಿದುಕೊಳ್ಳುತ್ತದೆ. ಇಂಕ್‌ಜೆಟ್ ಗ್ಲಾಸಿ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಹಾಕಲೇಬೇಡಿ. ಬಿಸಿಗೆ ಮೇಲಿನ ಪ್ಲಾಸ್ಟಿಕ್ ಪದರ ಕರಗಿ ಒಳಗಿನ ರೋಲರಿಗೆ ಅಂಟಿಕೊಂಡರೆ ರಿಪೇರಿ ಖರ್ಚು ದೊಡ್ಡದು. ಫೋಟೊದ ಮೇಲೆ ಸಹಿ ಬೀಳಬೇಕಾದ ಅರ್ಜಿಗಳಿಗೆ ಮ್ಯಾಟ್ ಹಾಳೆ ಒಳ್ಳೆಯದು, ಗ್ಲಾಸಿ ಮೇಲೆ ಜೆಲ್ ಪೆನ್ ನಿಲ್ಲುವುದಿಲ್ಲ. ಅಂಟಿಸಲು ನೀರುಗೋಂದು ಬೇಡ, ಗ್ಲೂ ಸ್ಟಿಕ್ ಬಳಸಿ. ಒದ್ದೆಯಾದರೆ ಡೈ ಇಂಕ್ (ನೀರಿನಲ್ಲಿ ಕರಗುವ ಬಣ್ಣದ ಇಂಕ್) ಹರಡುತ್ತದೆ.

ಕತ್ತರಿಸುವಾಗ ಉದ್ದದ ಗೆರೆಗಳು ಮೊದಲು, ಆಮೇಲೆ ಸಿಕ್ಕ ಎರಡು ಪಟ್ಟಿಗಳನ್ನು ಅಡ್ಡಲಾಗಿ. ಕಟರ್ ಮತ್ತು ಸ್ಟೀಲ್ ಸ್ಕೇಲ್ ಸಾಕು.

ಆನ್‌ಲೈನ್ ಅರ್ಜಿಗೆ ಕೇಳುವುದು ಮಿ.ಮೀ. ಅಲ್ಲ, ಪಿಕ್ಸೆಲ್ ಮತ್ತು ಕೆಬಿ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಯಲ್ಲಿ ಫೋಟೊ 200 × 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 × 60, 10ರಿಂದ 20 ಕೆಬಿ. 200:230 ಎಂಬುದು 35:45 ಅಲ್ಲ, ಹಾಗಾಗಿ ಇದಕ್ಕೂ ಮೂಲದಿಂದಲೇ ಬೇರೆ ಕ್ರಾಪ್. ಗಿಂಪ್‌ನಲ್ಲಿ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ಗುರುತು ಹಾಕಿದರೆ, ಕ್ವಾಲಿಟಿ ಸ್ಲೈಡರ್ ಸರಿಸಿದಂತೆ ಫೈಲಿನ ಗಾತ್ರ ಅಲ್ಲೇ ಕಾಣುತ್ತದೆ. ಕೆಳಮಿತಿಯೂ ಇದೆ ಅನ್ನುವುದನ್ನು ಮರೆಯಬೇಡಿ, 12 ಕೆಬಿಗೆ ಇಳಿಸಿದ ಫೋಟೊವನ್ನು ಆ ಪುಟ ತೆಗೆದುಕೊಳ್ಳುವುದಿಲ್ಲ. ಬಣ್ಣ ತಿದ್ದಿದ, ಇನ್ನೂ ಕ್ರಾಪ್ ಮಾಡದ ಫೈಲನ್ನು ಗಿಂಪ್‌ನ ಎಕ್ಸ್‌ಸಿಎಫ್ ರೂಪದಲ್ಲೂ ಉಳಿಸಿಡಿ, ಮುಂದಿನ ಅರ್ಜಿ ಬೇರೆ ಅಳತೆ ಕೇಳಿದಾಗ ಹಿನ್ನೆಲೆ, ಬಣ್ಣದ ಕೆಲಸ ಮತ್ತೆ ಮಾಡಬೇಕಾಗಿಲ್ಲ.