ಕೀ ಕೊಡದ ಮೆಕ್ಯಾನಿಕ್

"ಕೀ ಕೊಡ್ಲಿಕ್ಕಿಲ್ಲ ಸಾರ್. ಬೈಯುದಾದ್ರೆ ಬೈರಿ."

ಉಜಿರೆಯ ಗ್ಯಾರೇಜಿನಲ್ಲಿ ಶನಿವಾರ ಕೇಳಿದ ಈ ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ. ಮರುದಿನ ಅಪ್ಪನ ತಿಥಿ. ಸಂಜೆಯೊಳಗೆ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಾಚೆಯ ಮನೆ ಸೇರಬೇಕಿತ್ತು. ಅಮ್ಮ ಆಗಲೇ ಎರಡು ಸಲ ಫೋನ್ ಮಾಡಿದ್ದರು.

ಕಾರಿನ ಬ್ರೇಕಿನಲ್ಲಿ ಸದ್ದು ಶುರುವಾದದ್ದು ಬಿ.ಸಿ. ರೋಡ್ ದಾಟಿದ ಮೇಲೆ. ಮಳೆಗಾಲದಲ್ಲಿ ರಾತ್ರಿಯಿಡೀ ನಿಂತ ಗಾಡಿಯ ಡಿಸ್ಕಿಗೆ, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಗೆ, ತೆಳುವಾಗಿ ತುಕ್ಕು ಹಿಡಿಯುತ್ತದೆ, ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಇದು ಹೋಗಲಿಲ್ಲ. ಗುರುವಾಯನಕೆರೆ ಬರುವ ಹೊತ್ತಿಗೆ ಕಬ್ಬಿಣಕ್ಕೆ ಅರ ಹಾಕಿದ ಹಾಗೆ ಕೇಳಿಸತೊಡಗಿತು, ಪೆಡಲ್ ಒತ್ತಿದಾಗ ಕಾಲಿನಡಿ ಅದುರುತ್ತಿತ್ತು.

ಉಜಿರೆಯ ಗ್ಯಾರೇಜಿನ ಹುಡುಗ ನೇರ ಜಾಕ್ ಹಾಕಲಿಲ್ಲ. ಕಿಟಕಿಗಳನ್ನೆಲ್ಲ ಇಳಿಸಿ, ಉದ್ದದ ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ಗಾಡಿಯನ್ನು ನಿಧಾನ ಓಡಿಸಿದ. ಗೋಡೆ ಸದ್ದನ್ನು ತಿರುಗಿ ಕಿವಿಗೆ ಕೊಡುತ್ತದೆ, ಯಾವ ಮಗ್ಗುಲಿನ ಚಕ್ರ ಎಂದು ತಿಳಿಯುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಸದ್ದು ಬರುತ್ತಿದ್ದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರಬಹುದಂತೆ, ಇಲ್ಲವೇ ಬೇರಿಂಗ್ ಇರಬಹುದು. ನನ್ನದು ಒತ್ತಿದಾಗ ಮಾತ್ರ. "ಎಡಗಡೆ ಎದುರಿಂದು" ಎಂದ.

ಚಕ್ರ ಬಿಚ್ಚಿ, ಡಿಸ್ಕನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್‌ಗಳಲ್ಲಿ ಹೊರಗಿನದನ್ನು ತೆಗೆದು ನನ್ನ ಕೈಗೆ ಕೊಟ್ಟ. ಅರ್ಧಕ್ಕರ್ಧ ಉಳಿದಿತ್ತು. ಆಮೇಲೆ ಒಳಗಿನದನ್ನು ಕೊಟ್ಟ. ಅದರಲ್ಲಿ ಉಜ್ಜುವ ಪದರವೇ ಇರಲಿಲ್ಲ. ಹಿಂದಿನ ಉಕ್ಕಿನ ಫಲಕವೇ ಡಿಸ್ಕಿಗೆ ತಾಗಿ, ಡಿಸ್ಕಿನ ಮೇಲೆ ಬೆರಳಾಡಿಸಿದರೆ ಉಗುರು ಸಿಕ್ಕುವಷ್ಟು ಆಳದ ಗೀರು.

ಪ್ಯಾಡ್‌ಗಳನ್ನು ಹಿಡಿದಿರುವ ಇಕ್ಕಳದಂಥ ಭಾಗ ಕ್ಯಾಲಿಪರ್. ಈ ಬಗೆಯದರಲ್ಲಿ ಒತ್ತುವ ಪಿಸ್ಟನ್ ಇರುವುದು ಒಳಮಗ್ಗುಲಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ, ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳಬೇಕು. ನನ್ನ ಗಾಡಿಯಲ್ಲಿ ಪಿನ್ನಿನ ರಬ್ಬರ್ ಹರಿದು ನೀರು ಹೊಕ್ಕು ತುಕ್ಕು ಹಿಡಿದಿತ್ತು. ಪಿನ್ ಜಾರದೆ ಒಳಗಿನ ಪ್ಯಾಡೊಂದೇ ದುಡಿದು ಸವೆದಿದೆ. ಕೆಲವು ಪ್ಯಾಡ್‌ಗಳಿಗೆ ಸಣ್ಣ ಉಕ್ಕಿನ ಪಟ್ಟಿ ಇರುತ್ತದೆ, ಸವೆದಾಗ ಕೀಂಯ್ ಎಂದು ಮುಂಚೆಯೇ ಎಚ್ಚರಿಸುತ್ತದೆ. ನನ್ನದಕ್ಕೆ ಅದಿರಲಿಲ್ಲ.

ಹೊರಗಿನ ಪ್ಯಾಡ್ ಅರ್ಧಕ್ಕರ್ಧ ಇದೆ ಎಂಬುದು ನನಗೆ ಹೊಸ ಸುದ್ದಿಯಾಗಿರಲಿಲ್ಲ. ಕಳೆದ ತಿಂಗಳು ಸರ್ವಿಸ್ ಮಾಡಿಸಿದಾಗ ಅಲ್ಲಿನ ಅಡ್ವೈಸರ್ ಚಕ್ರದ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿ ಅದನ್ನೇ ಹೇಳಿದ್ದ. ಕಾಗದದಲ್ಲಿ 'ಬ್ರೇಕ್: ಸರಿ' ಎಂದು ಗುರುತು ಹಾಕಿ ಕೊಟ್ಟಿದ್ದ. ಆತ ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದ. ಆದರೆ ಕಾಣದ್ದಕ್ಕೂ ಸೇರಿಸಿ ಸಹಿ ಹಾಕಿದ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಚಕ್ರ ಬಿಚ್ಚಲು ಎಷ್ಟು ಹೊತ್ತು ಬೇಕು?

ಡಿಸ್ಕಿಗೆ ಕನಿಷ್ಠ ದಪ್ಪ ಎಂಬುದೊಂದಿದೆ. ನನ್ನದು ಅದಕ್ಕಿಂತ ಕೆಳಗಿಳಿದಿತ್ತು, ಲೇತಿಗೆ ಕೊಟ್ಟು ನುಣುಪು ಮಾಡಿಸಿ ಪ್ರಯೋಜನವಿಲ್ಲ. ಹೊಸ ಡಿಸ್ಕ್ ಉಜಿರೆಯಲ್ಲಿ ಸಿಗಲಿಲ್ಲ. ಹತ್ತುವಾಗ ಬ್ರೇಕ್ ಅಷ್ಟಾಗಿ ಬೇಡವಲ್ಲ, ಈಗ ಹೋಗಿ ಸೋಮವಾರ ಮಾಡಿಸುತ್ತೇನೆ, ಕೀ ಕೊಡು ಮಾರಾಯ ಎಂದೆ. ಆಗ ಅವನು ಆ ಮಾತು ಹೇಳಿದ್ದು. ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ಹತ್ತುವಾಗ ಏನೂ ಆಗ್ಲಿಕ್ಕಿಲ್ಲ. ಇಳಿಯುವಾಗ ಎಂತ ಮಾಡ್ತೀರಿ?"

ಧ್ವನಿ ಏರಿಸಲಿಲ್ಲ. ಮಂಗಳೂರಿನ ಅಂಗಡಿಗೆ ಫೋನ್ ಮಾಡಿ, ಡಿಸ್ಕ್, ಪ್ಯಾಡ್, ರಬ್ಬರ್ ಕಿಟ್ ಎಲ್ಲ ಖಾಸಗಿ ಬಸ್ಸಿನಲ್ಲಿ ಹಾಕಿಸಿದ. ಪಾರ್ಸೆಲ್ ಬರುವವರೆಗೆ ಪಿನ್‌ಗಳನ್ನು ಎಮರಿ ಕಾಗದದಲ್ಲಿ ಉಜ್ಜಿದ. ಅದಕ್ಕೆ ಬ್ರೇಕಿನದೇ ಸಿಲಿಕೋನ್ ಗ್ರೀಸ್ ಬೇಕು, ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಕಚ್ಚಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಕಪ್ಪಾಗಿತ್ತು, ಅದನ್ನೂ ಬದಲಿಸಿದ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ 230 ಡಿಗ್ರಿಗಿಂತ ಮೊದಲು ಕುದಿಯಬಾರದು ಎಂದು ನಿಯಮ. ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಒತ್ತಿ ಹಿಡಿದೇ ಇಳಿದರೆ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ಸುಮ್ಮನೆ ನೆಲಕ್ಕಿಳಿಯುತ್ತದೆ. ಬಲಗಡೆಯದ್ದನ್ನೂ ಜೊತೆಗೇ ಹೊಸದು ಮಾಡಿದ, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಕೊನೆಗೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ನೋಡಿ ಕೀ ಕೊಟ್ಟ. "ಹೊಸ ಪ್ಯಾಡ್, ಕೂತ್ಕೊಳ್ಳುವವರೆಗೆ ಜೋರಾಗಿ ಒತ್ಬೇಡಿ. ಹತ್ತಿದ ಗೇರಲ್ಲೇ ಇಳೀರಿ." ಮನೆ ಮುಟ್ಟುವಾಗ ರಾತ್ರಿ ಊಟದ ಹೊತ್ತು ಮೀರಿತ್ತು.

ಚಿಕ್ಕಪ್ಪ ಕಥೆ ಕೇಳಿ ನಕ್ಕರು. "ನಮ್ಮ ಕಾಲದಲ್ಲಿ ಹ್ಯಾಂಡ್‌ಬ್ರೇಕಲ್ಲೇ ಘಾಟಿ ಇಳಿಸ್ತಿದ್ವಿ ಕಣೋ." ಚಿಕ್ಕಪ್ಪನ ಮೇಲೆ ನನಗೆ ಬಹಳ ಪ್ರೀತಿ, ಆದರೆ ಈ ಧೈರ್ಯದ ಕಥೆಗಳನ್ನು ನಾನು ಒಪ್ಪುವುದಿಲ್ಲ. ಇಳಿಸಲಾಗದೆ ಹೋದವರು ಕಥೆ ಹೇಳಲು ಉಳಿದಿಲ್ಲ.

ಬಾಡಿಗೆ ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೇ ಎಂಬ ಸರ್ಕಾರಿ ಪರೀಕ್ಷೆ, ಆಗಬೇಕು. ನಮ್ಮಂಥವರ ಸ್ವಂತ ಕಾರಿಗೆ 15 ವರ್ಷ ತುಂಬಿ ನೋಂದಣಿ ನವೀಕರಿಸುವವರೆಗೆ ಅಂಥ ಪರೀಕ್ಷೆಯೇ ಇಲ್ಲ. ಹೊಗೆ ತಪಾಸಣೆ ಮಾತ್ರ ತಪ್ಪುವುದಿಲ್ಲ. ಹೊಗೆ ನೋಡುವುದು ಒಳ್ಳೆಯದೇ. ಆದರೆ ಮಕ್ಕಳು ಮರಿ ಕೂರಿಸಿಕೊಂಡು ಘಾಟಿ ಇಳಿಯುವ ಗಾಡಿಯ ಬ್ರೇಕನ್ನು ಹದಿನೈದು ವರ್ಷ ಸರ್ಕಾರ ನೋಡುವುದಿಲ್ಲ ಎಂದರೆ, ಉಳಿದದ್ದು ಯಾವನೋ ಒಬ್ಬನ ಕಣ್ಣು ಮತ್ತು ಅವನ ಮನಸ್ಸಾಕ್ಷಿ. ಅವನು ಟಾರ್ಚ್ ಬಿಟ್ಟು ನೋಡುವವನೋ, ಚಕ್ರ ಬಿಚ್ಚುವವನೋ ಎಂಬುದರ ಮೇಲೆ ಒಂದು ಮನೆಯೇ ನಿಂತಿರುತ್ತದೆ. ಗಿರಾಕಿ ಮುನಿಸಿಕೊಂಡರೂ ಸರಿ, ಕೀ ಕೊಡುವುದಿಲ್ಲ ಎನ್ನುವವರು ಎಷ್ಟು ಜನ? ಶಾಲೆಯ ವ್ಯಾನ್ ನೋಡುವವರು, ಲಿಫ್ಟ್ ನೋಡುವವರು, ಸೇತುವೆ ನೋಡುವವರು... ಯೋಚಿಸುತ್ತಾ ಹೋದರೆ ನಿದ್ದೆ ಬರುವುದಿಲ್ಲ.

ಬುಧವಾರ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಹೇಳಿದೆ. ಚಕ್ರ ಬಿಚ್ಚಿ ನೋಡುವುದಕ್ಕೆ ಬೇರೆ ಚಾರ್ಜ್ ಆಗುತ್ತದೆ ಸರ್ ಎಂದರು. ಚಾರ್ಜ್ ಮಾಡಿ, ಬಿಚ್ಚದೆ ಮಾತ್ರ 'ಸರಿ' ಎಂದು ಬರೆಯಬೇಡಿ ಎಂದೆ. ಮುಂದಿನ ವಾರ ಚಿಕ್ಕಪ್ಪನ ಜೀಪನ್ನು ಉಜಿರೆಗೆ ಒಯ್ಯುವವನಿದ್ದೇನೆ. ಅವರು ಬೇಡವೆಂದಿದ್ದಾರೆ. ಒಯ್ಯುತ್ತೇನೆ.