ಸುಂಕದ ಜಗಳ ಅಮೆರಿಕದೊಂದಿಗೆ, ದಂಡ ರಾಯಚೂರಿನ ಹತ್ತಿ ಬೆಳೆಗಾರನಿಗೆ

ಕೇಂದ್ರ ಸರ್ಕಾರ 2025ರ ಆಗಸ್ಟ್ 18ರಂದು ಹೊರಡಿಸಿದ ಒಂದು ಅಧಿಸೂಚನೆಯ ಬಗ್ಗೆ ನಮ್ಮ ಭಾಗದಲ್ಲಿ ಆಗಬೇಕಾದಷ್ಟು ಚರ್ಚೆ ಆಗಲಿಲ್ಲ ಎಂಬ ಕೊರಗು ನನಗಿದೆ. ಹೊರದೇಶಗಳಿಂದ ಬರುವ ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕವನ್ನು ಮರುದಿನದಿಂದಲೇ ಪೂರ್ತಿಯಾಗಿ ತೆಗೆದುಹಾಕಿದ ಅಧಿಸೂಚನೆ ಅದು. ಮೊದಲು ಸೆಪ್ಟೆಂಬರ್ 30ರವರೆಗೆ ಮಾತ್ರ ಎಂದರು. ಹತ್ತು ದಿನ ಕಳೆಯುವಷ್ಟರಲ್ಲಿ ಅದನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿದರು. ಆಗ ಮಾನ್ವಿ, ದೇವದುರ್ಗ, ಸಿರವಾರ, ಲಿಂಗಸುಗೂರು ಕಡೆಯ ಎರೆ ಹೊಲಗಳಲ್ಲಿ ಹತ್ತಿ ಹೂವು, ಕಾಯಿಯ ಹಂತದಲ್ಲಿತ್ತು. ಬೀಜ, ಗೊಬ್ಬರ, ಔಷಧಿ, ಕಳೆ ತೆಗೆಸಿದ ಕೂಲಿ ಎಲ್ಲವೂ ಆಗಲೇ ಸಾಲದ ಲೆಕ್ಕಕ್ಕೆ ಸೇರಿದ್ದವು. ಮೊದಲ ಮತ್ತು ಎರಡನೆಯ ಸಲ ಬಿಡಿಸಿದ ಹತ್ತಿ ಮಾರುಕಟ್ಟೆಗೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಸರಿಯಾಗಿ ಅದೇ ಮೂರು ತಿಂಗಳು ಬಂದರುಗಳ ಬಾಗಿಲನ್ನು ಹೊರಗಿನ ಹತ್ತಿಗೆ ತೆರೆದಿಟ್ಟರು.

ನಾನು ರಾಯಚೂರಿನ ರಾಜೇಂದ್ರ ಗಂಜ್‌ನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ನಮ್ಮ ಮನೆಯ ಹೊಲದಲ್ಲಿಯೂ ಹತ್ತಿ, ತೊಗರಿಯನ್ನೇ ಬೆಳೆಯುತ್ತೇವೆ. ಕೇಂದ್ರದಲ್ಲಿ ಆಳುತ್ತಿರುವ ಬಿಜೆಪಿಯನ್ನು ನಾನು ವಿರೋಧಿಸುತ್ತೇನೆ ಮತ್ತು ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಇಲ್ಲಿ ಬರೆಯುತ್ತಿರುವ ಸಂಗತಿಗಳು ಆ ಪಕ್ಷಕ್ಕೆ ಮತ ಹಾಕಿದ ರೈತರ ಮಾಲಿನ ಪಟ್ಟಿಯಲ್ಲಿಯೂ ನನ್ನ ಪಟ್ಟಿಯಲ್ಲಿ ಕಾಣುವ ಹಾಗೆಯೇ ಕಾಣುತ್ತವೆ.

ಆ ಆಗಸ್ಟ್ ತಿಂಗಳ ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಭಾರತದ ಸರಕುಗಳ ಮೇಲೆ ಅಮೆರಿಕ ಹಾಕಿದ ಮೊದಲ ಶೇ 25ರ ಸುಂಕ ಜಾರಿಗೆ ಬಂದದ್ದು ಆಗಸ್ಟ್ 7ರಂದು. ಅದೇ ದಿನ ಪ್ರಧಾನಿ ನರೇಂದ್ರ ಮೋದಿಯವರು ದೆಹಲಿಯಲ್ಲಿ ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರ ಜನ್ಮಶತಮಾನೋತ್ಸವ ಸಮ್ಮೇಳನದಲ್ಲಿ ನಿಂತು, ರೈತರ ಹಿತದ ವಿಷಯದಲ್ಲಿ ಭಾರತ ಎಂದಿಗೂ ರಾಜಿ ಮಾಡಿಕೊಳ್ಳುವುದಿಲ್ಲ, ಅದಕ್ಕಾಗಿ ವೈಯಕ್ತಿಕವಾಗಿ ಭಾರಿ ಬೆಲೆ ತೆರಬೇಕಾಗಿ ಬಂದರೂ ತಾವು ಸಿದ್ಧ ಎಂದು ಹೇಳಿದರು. ಆಗಸ್ಟ್ 15ರಂದು ಕೆಂಪುಕೋಟೆಯಿಂದ, ರೈತರಿಗೆ ಹಾನಿ ಮಾಡುವ ಯಾವುದೇ ನೀತಿಯ ಎದುರು ತಾವು ಗೋಡೆಯಂತೆ ನಿಂತಿರುವುದಾಗಿ ಘೋಷಿಸಿದರು. ಮೂರು ದಿನಗಳ ನಂತರ ಹತ್ತಿಯ ಸುಂಕ ಹೋಯಿತು. ಇಷ್ಟಕ್ಕೆ ಅಮೆರಿಕವಾದರೂ ಮೆತ್ತಗಾಯಿತೇ ಎಂದರೆ ಅದೂ ಇಲ್ಲ. ರಷ್ಯಾದ ತೈಲ ಕೊಂಡದ್ದಕ್ಕೆ ದಂಡವೆಂದು ಘೋಷಿಸಿದ್ದ ಇನ್ನೊಂದು ಶೇ 25ರ ಸುಂಕವನ್ನು ಅದು ಆಗಸ್ಟ್ 27ರಂದು ಜಾರಿಗೆ ತಂದಿತು. ಅದರ ಮರುದಿನವೇ ನಮ್ಮ ಸರ್ಕಾರ ಹತ್ತಿಯ ವಿನಾಯಿತಿಯನ್ನು ವರ್ಷದ ಕೊನೆಯವರೆಗೆ ಮುಂದುವರಿಸಿತು. ಎದುರಿನವರು ಒಂದು ಹೆಜ್ಜೆಯನ್ನೂ ಹಿಂದಿಡದಿರುವಾಗ ನಮ್ಮ ಕೈಯಲ್ಲಿದ್ದುದನ್ನು ಬಿಟ್ಟುಕೊಡುವುದು ಯಾವ ಬಗೆಯ ವಿದೇಶಾಂಗ ನೀತಿ ಎಂಬುದನ್ನು ಸರ್ಕಾರ ಸಂಸತ್ತಿನಲ್ಲಿ ವಿವರಿಸಬೇಕಿತ್ತು.

ಈ ಶೇ 11ರ ಸುಂಕವನ್ನು ತಂದದ್ದೂ ಇದೇ ಸರ್ಕಾರ. 2021ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ರೈತರ ಅನುಕೂಲಕ್ಕಾಗಿ ಹತ್ತಿಯ ಮೇಲೆ ಸುಂಕ ವಿಧಿಸುತ್ತಿರುವುದಾಗಿ ಹೇಳಿದ್ದರು. ರೈತರ ಅನುಕೂಲಕ್ಕೆಂದು ಕಟ್ಟಿದ್ದನ್ನು 2022ರಲ್ಲಿ ದರ ಏರಿದಾಗ ಒಮ್ಮೆ ಕೆಲವು ತಿಂಗಳ ಮಟ್ಟಿಗೆ ಸಡಿಲಿಸಿದರು. 2025ರಲ್ಲಿ ದರ ಬೆಂಬಲ ಬೆಲೆಯ ಅಂಚಿನಲ್ಲಿ ತೂಗುತ್ತಿದ್ದಾಗ ಮತ್ತೆ ಕೆಡವಿದರು. ಎರಡು ಸಲವೂ ಬೆಳೆಗಾರರ ಸಂಘಟನೆಗಳನ್ನು ಕರೆದು ಕೇಳಿದ್ದು ನನ್ನ ಗಮನಕ್ಕೆ ಬಂದಿಲ್ಲ.

ಸುಂಕ ತೆಗೆದದ್ದು ಜವಳಿ ಉದ್ಯಮಕ್ಕಾಗಿ ಎಂದು ಸರ್ಕಾರ ಹೇಳಿತು. ಆ ಉದ್ಯಮದ ಸಂಕಟ ಸುಳ್ಳಲ್ಲ. ನಮ್ಮ ಸಿದ್ಧ ಉಡುಪಿಗೆ ಅತಿ ದೊಡ್ಡ ಗಿರಾಕಿ ಅಮೆರಿಕ. 2025ರಲ್ಲಿ ಶೇ 50ರ ಸುಂಕ ಬಿದ್ದ ಮೇಲೆ ತಮಿಳುನಾಡಿನ ತಿರುಪ್ಪೂರಿನಂತಹ ಊರುಗಳ ಹೊಲಿಗೆ ಕೆಲಸಗಾರರ ಕೂಲಿಗೆ ಕುತ್ತು ಬರುವುದು ಖಂಡಿತವಿತ್ತು, ಮತ್ತು ಆ ಕೆಲಸಗಾರರು ನಮ್ಮಂತಹ ಬಡ ಜಿಲ್ಲೆಗಳಿಂದ ಹೋದವರ ಮಕ್ಕಳೇ. ಅವರಿಗೆ ಸರ್ಕಾರ ನೆರವಾಗಬಾರದೆಂದು ಯಾವ ರೈತನೂ ಹೇಳುವುದಿಲ್ಲ. ಆದರೆ ಆ ನೆರವಿನ ಹಣ ಎಲ್ಲಿಂದ ಬರಬೇಕು ಎಂಬುದು ನನ್ನ ಪ್ರಶ್ನೆ. ನವೆಂಬರ್ 12ರಂದು ಕೇಂದ್ರ ಸಚಿವ ಸಂಪುಟವು 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ರಫ್ತುದಾರರ ಸಾಲಕ್ಕೆ 20,000 ಕೋಟಿ ರೂಪಾಯಿಯವರೆಗೆ ಖಾತರಿಯನ್ನೂ ಕೊಟ್ಟಿತು. ಖಜಾನೆಯಿಂದ ಹಣ ಕೊಡುವ ಈ ದಾರಿ ಆಗಸ್ಟ್‌ನಲ್ಲಿಯೂ ಇತ್ತು. ಅದನ್ನು ಮೊದಲು ಹಿಡಿಯದೆ, ಮೂರು ತಿಂಗಳು ಮುಂಚೆಯೇ ಬೆಳೆಗಾರನ ದರಕ್ಕೆ ಕೈ ಹಾಕಿದ್ದೇಕೆ? ರೈತನ ಜೇಬಿನಿಂದ ತೆಗೆದುಕೊಂಡದ್ದಕ್ಕೆ ಬಜೆಟ್ಟಿನಲ್ಲಿ ಯಾವ ಲೆಕ್ಕಶೀರ್ಷಿಕೆಯೂ ಬೇಕಾಗುವುದಿಲ್ಲ, ಸದನದಲ್ಲಿ ಯಾರೂ ಅದಕ್ಕೆ ಉತ್ತರಿಸಬೇಕಾಗಿಲ್ಲ ಎಂಬುದೇ ಇದಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ.

ರಷ್ಯಾದ ತೈಲದ ಮಾತನ್ನೂ ಇದರ ಜೊತೆಗೇ ಎತ್ತಬೇಕು. ಅಗ್ಗದ ತೈಲ ಕೊಳ್ಳುವ ಹಕ್ಕು ನಮ್ಮ ದೇಶಕ್ಕಿದೆ, ಅದನ್ನು ಅಮೆರಿಕ ಪ್ರಶ್ನಿಸುವುದು ತಪ್ಪು. ಇದರಲ್ಲಿ ನನಗೆ ಸರ್ಕಾರದೊಂದಿಗೆ ಭಿನ್ನಾಭಿಪ್ರಾಯವಿಲ್ಲ. ಉಕ್ರೇನ್ ಯುದ್ಧಕ್ಕೆ ಮೊದಲು ನಮ್ಮ ಕಚ್ಚಾ ತೈಲದ ಆಮದಿನಲ್ಲಿ ಶೇ 2ರಷ್ಟೂ ಇರದ ರಷ್ಯಾದ ಪಾಲು ನಂತರ ಮೂರನೆಯ ಒಂದು ಭಾಗವನ್ನು ದಾಟಿತು. ಆದರೆ ಆ ಅಗ್ಗದ ಲಾಭ ಯಾರಿಗೆ ಸಿಕ್ಕಿತು? ಖಾಸಗಿ ಮತ್ತು ಸರ್ಕಾರಿ ಸಂಸ್ಕರಣಾ ಕಂಪನಿಗಳಿಗೆ ಸಿಕ್ಕಿತು. ಬಂಕಿನ ದರದಲ್ಲಿ ನಮಗೆ ಕಂಡದ್ದು 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಲೀಟರಿಗೆ ಎರಡು ರೂಪಾಯಿಯ ಇಳಿಕೆ. 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಅಗ್ಗವಾದಾಗ ಕೇಂದ್ರವು ಅಬಕಾರಿ ಸುಂಕವನ್ನು ಎರಡು ರೂಪಾಯಿ ಏರಿಸಿ ಆ ಉಳಿತಾಯವನ್ನು ತಾನೇ ಇಟ್ಟುಕೊಂಡಿತು. ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವ ರೈತನಿಗೆ ಅಗ್ಗದ ತೈಲದ ಲಾಭದಲ್ಲಿ ಪಾಲು ಬರಲಿಲ್ಲ, ಅದಕ್ಕೆ ಅಮೆರಿಕ ಹಾಕಿದ ದಂಡದಲ್ಲಿ ಮಾತ್ರ ಪಾಲು ಬಂತು. ರಾಜ್ಯದ ಕಾಂಗ್ರೆಸ್ ಸರ್ಕಾರವೂ 2024ರ ಜೂನ್‌ನಲ್ಲಿ ಮತ್ತು 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. ಅದು ಕೂಡ ತಪ್ಪೇ, ಅದನ್ನು ನಾನು ಸಮರ್ಥಿಸುವುದಿಲ್ಲ.

ಬೆಂಬಲ ಬೆಲೆ ಇದೆಯಲ್ಲ, ಆಮದಿನಿಂದ ರೈತನಿಗೇನು ನಷ್ಟ ಎಂದು ಆಡಳಿತ ಪಕ್ಷದ ಗೆಳೆಯರು ಕೇಳುತ್ತಾರೆ. 2025–26ಕ್ಕೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110 ರೂಪಾಯಿ ಎಂದು ಕೇಂದ್ರ ನಿಗದಿಪಡಿಸಿತ್ತು. ಭೂಮಿಯ ಗುತ್ತಿಗೆ ಮತ್ತು ಬಂಡವಾಳದ ಬಡ್ಡಿಯನ್ನೂ ಸೇರಿಸಿದ ಸಮಗ್ರ ವೆಚ್ಚದ ಮೇಲೆ ಅರ್ಧದಷ್ಟು ಲಾಭ ಸೇರಿಸಬೇಕೆಂಬ ಸ್ವಾಮಿನಾಥನ್ ಆಯೋಗದ ಸೂತ್ರವನ್ನು ಪಾಲಿಸಿದರೆ ಈ ಬೆಲೆ ಹತ್ತು ಸಾವಿರವನ್ನು ದಾಟಬೇಕೆಂದು ರೈತ ಸಂಘಟನೆಗಳು ಲೆಕ್ಕ ಕೊಟ್ಟಿವೆ. ಸ್ವಾಮಿನಾಥನ್ ಅವರಿಗೆ ಭಾರತರತ್ನ ಕೊಟ್ಟ ಸರ್ಕಾರ ಅವರ ಸೂತ್ರವನ್ನು ಕೊಡಲಿಲ್ಲ. ಇರುವ ಬೆಲೆಯಾದರೂ ಕೈಗೆ ಬರುತ್ತದೆಯೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಭಾರತೀಯ ಹತ್ತಿ ನಿಗಮದ ಖರೀದಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲುಗಳ ಅಂಗಳದಲ್ಲಿ ನಡೆಯುತ್ತದೆ. ಅಲ್ಲಿಗೆ ಹೋಗಬೇಕಾದರೆ ಮೊದಲು ಮೊಬೈಲಿನ ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿ, ಪಹಣಿಯಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ತಾಳೆಯಾಗಿ, ಮಾಲು ತರುವ ದಿನವನ್ನು ಗೊತ್ತುಪಡಿಸಿಕೊಳ್ಳಬೇಕು. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವವನ ಹೆಸರು ಪಹಣಿಯಲ್ಲಿ ಇರುವುದೇ ಇಲ್ಲ. ಸತ್ತುಹೋದ ತಂದೆಯ ಹೆಸರಿನಲ್ಲಿಯೇ ಖಾತೆ ಉಳಿದಿರುವ ಮನೆಗಳು ಪ್ರತಿ ಊರಿನಲ್ಲಿವೆ. ಇದೆಲ್ಲ ದಾಟಿ ಗಾಡಿ ಒಳಗೆ ಹೋದರೆ, ತೇವಾಂಶ ನೋಡುವ ಯಂತ್ರದ ಸಲಾಕೆಯನ್ನು ಹತ್ತಿಯ ರಾಶಿಯೊಳಗೆ ಚುಚ್ಚುತ್ತಾರೆ. ತೇವ ಶೇ 8ರೊಳಗೆ ಇದ್ದರೆ ಪೂರ್ತಿ ದರ. ಅಲ್ಲಿಂದ ಶೇ 12ರವರೆಗೆ ದರದಲ್ಲಿ ಕಡಿತ. ಅದನ್ನು ಮೀರಿದರೆ ಮಾಲು ವಾಪಸು. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಮೇಲೆ ಬಿದ್ದ ಮಳೆಗೆ ಹೊಲಗಳು ವಾರಗಟ್ಟಲೆ ಕೆಸರಾಗಿ ನಿಂತಿದ್ದವು. ಕಾಯಿ ಕೊಳೆತು, ಅರಳಿದ ತೊಳೆಗಳು ಕಪ್ಪಿಟ್ಟವು. ಅಂತಹ ಹತ್ತಿಯನ್ನು ತಾಡಪತ್ರಿಯ ಮೇಲೆ ಹರಡಿ, ಮೋಡ ಕಂಡಾಗಲೆಲ್ಲ ಓಡಿ ಬಂದು ಮುಚ್ಚಿ, ಒಣಗಿಸಿ ತಂದವರಿಗೂ ಯಂತ್ರ ಶೇ 14, 15 ಎಂದು ತೋರಿಸಿತು. ಗಾಡಿ ಬಾಡಿಗೆ ಕೊಟ್ಟು ತಂದದ್ದನ್ನು ಮತ್ತೆ ಬಾಡಿಗೆ ಕೊಟ್ಟು ಮನೆಗೆ ಒಯ್ಯುವವರು ಯಾರಿದ್ದಾರೆ? ಆ ಗಾಡಿಗಳು ನೇರವಾಗಿ ನಮ್ಮ ಗಂಜಿಗೆ ಬಂದವು. ಇಲ್ಲಿಯ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಬೆಂಬಲ ಬೆಲೆಗಿಂತ ಕೆಳಗಿನ ದರಕ್ಕೆ ಹೋದ ಮಾಲಿನ ಪಟ್ಟಿಗಳನ್ನು ನಾನೇ ಬರೆದಿದ್ದೇನೆ. ಹಮಾಲಿ, ತೂಕದ ಕೂಲಿ ಕಳೆದು, ಅಂಗಡಿಯಿಂದ ಮುಂಗಡವಾಗಿ ಒಯ್ದಿದ್ದ ಹಣ ಕಳೆದು, ಉಳಿದದ್ದನ್ನು ಎಣಿಸಿ ಕೊಡುವಾಗ ಎದುರು ಕುಳಿತ ತಾಯಂದಿರು ಬಿಡಿಸಿದ ಕೂಲಿಯವರಿಗೆ ಎಷ್ಟು ಕೊಡಬೇಕೆಂಬ ಲೆಕ್ಕವನ್ನು ಬಾಯಲ್ಲಿಯೇ ಮಾಡುತ್ತಿರುತ್ತಾರೆ.

ಖರೀದಿದಾರನಿಗೆ ಹೊರಗಿನ ಹತ್ತಿ ಸುಂಕವಿಲ್ಲದೆ ಸಿಗುವಾಗ ಅವನು ನಮ್ಮ ತೇವದ ಹತ್ತಿಗೆ ದರ ಏರಿಸುವ ಅಗತ್ಯವೇ ಬೀಳುವುದಿಲ್ಲ. ಬ್ರೆಜಿಲ್, ಅಮೆರಿಕ, ಆಸ್ಟ್ರೇಲಿಯಾದ ಹತ್ತಿ ರಾಯಚೂರಿಗೇ ಬಂದು ಇಳಿಯಬೇಕೆಂದೇನೂ ಇಲ್ಲ. ದಕ್ಷಿಣದ ನೂಲಿನ ಗಿರಣಿಗಳು ಬಂದರಿನಲ್ಲಿ ಕೊಂಡರೆ ಇಲ್ಲಿಯ ಜಿನ್ನಿಂಗ್ ಮಿಲ್ಲಿನ ಬೇಲುಗಳಿಗೆ ಗಿರಾಕಿ ಕಡಿಮೆಯಾಗುತ್ತಾರೆ, ಮಿಲ್ಲಿನವರು ಸವಾಲಿನಲ್ಲಿ ಕೈ ಹಿಂದೆಳೆಯುತ್ತಾರೆ.

ಹತ್ತಿಯೊಂದರಲ್ಲೇ ಹೀಗಾಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ತೊಗರಿಯ ಆಮದನ್ನು 2021ರ ಮೇ ತಿಂಗಳಲ್ಲಿ ಮುಕ್ತಗೊಳಿಸಿದ್ದು ವರ್ಷ ವರ್ಷವೂ ವಿಸ್ತರಣೆಯಾಗುತ್ತ ಬಂದಿದೆ. ಮೊಜಾಂಬಿಕ್, ಮಲಾವಿ, ಮ್ಯಾನ್ಮಾರ್ ದೇಶಗಳಿಂದ ಇಂತಿಷ್ಟು ತೊಗರಿ ತರಿಸುತ್ತೇವೆಂದು ನಮ್ಮ ಸರ್ಕಾರ ಒಪ್ಪಂದ ಬರೆದುಕೊಟ್ಟಿದೆ. ಕಲಬುರಗಿ, ರಾಯಚೂರಿನ ತೊಗರಿಯನ್ನು ಇಂತಿಷ್ಟು ಕೊಳ್ಳುತ್ತೇವೆಂದು ನಮಗೆ ಸಿಕ್ಕಿದ್ದು ಅಂತಹ ಒಪ್ಪಂದವಲ್ಲ, 2025ರ ಬಜೆಟ್‌ನ ಘೋಷಣೆ. 2025ರ ಆರಂಭದಲ್ಲಿ ದರ ಬೆಂಬಲ ಬೆಲೆಯಾದ 7,550ಕ್ಕಿಂತ ಕುಸಿದಾಗ ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ ಕೊಡಬೇಕಾಯಿತು. ಬಟಾಣಿಯ ಕಥೆಯಂತೂ ವಿದೇಶಾಂಗ ನೀತಿಯ ದೃಷ್ಟಿಯಿಂದ ಇನ್ನೂ ವಿಚಿತ್ರ. 2023ರ ಸೆಪ್ಟೆಂಬರ್‌ನಲ್ಲಿ ಕೆನಡಾದೊಂದಿಗೆ ಸಂಬಂಧ ಹಳಸಿ ರಾಜತಾಂತ್ರಿಕರನ್ನು ಹೊರಗಟ್ಟುವವರೆಗೆ ಹೋಯಿತು. ಅದೇ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಯ ಆಮದನ್ನು ಸುಂಕರಹಿತ ಮಾಡಿದರು. ಆ ಬಟಾಣಿ ಮುಖ್ಯವಾಗಿ ಬರುವುದು ಕೆನಡಾ ಮತ್ತು ರಷ್ಯಾದಿಂದ. ವೇದಿಕೆಯ ಮೇಲೆ ಕೆನಡಾದ ವಿರುದ್ಧ ಗುಡುಗಿದವರು ಅಲ್ಲಿಯ ರೈತನ ಬಟಾಣಿಗೆ ಬಾಗಿಲು ತೆರೆದು, ನಮ್ಮ ಕಡಲೆ ಮತ್ತು ತೊಗರಿಯ ದರವನ್ನು ಹಿಡಿದು ಕೆಳಗಿಳಿಸಿದರು. ಅದರ ಮೇಲೆ ಮತ್ತೆ ಶೇ 30ರ ಸುಂಕ ಬಂದದ್ದು 2025ರ ನವೆಂಬರ್ 1ರಿಂದ.

ಭತ್ತದ ಕಡೆಗೆ ಬಂದರೆ ಬಾಗಿಲು ಇನ್ನೊಂದು ದಿಕ್ಕಿನಲ್ಲಿ ಮುಚ್ಚಿತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ, ಗಂಗಾವತಿ, ಕಾರಟಗಿ, ಸಿಂಧನೂರಿನ ಸೋನಾ ಮಸೂರಿಗೆ ಹೊರದೇಶದ ದಾರಿ ಮುಚ್ಚಿತು. ಅದು ತೆರೆದದ್ದು 2024ರ ಸೆಪ್ಟೆಂಬರ್ ಕೊನೆಗೆ. ನಿಷೇಧಕ್ಕೆ ಒಂದು ತಿಂಗಳು ಮೊದಲು, ಅನ್ನಭಾಗ್ಯಕ್ಕಾಗಿ ಹಣ ಕೊಟ್ಟು ಅಕ್ಕಿ ಕೊಳ್ಳುತ್ತೇವೆಂದ ಕರ್ನಾಟಕಕ್ಕೆ ಆಹಾರ ನಿಗಮದಿಂದ ಮಾರುವುದಿಲ್ಲವೆಂದು ಇದೇ ಕೇಂದ್ರ ಹೇಳಿತ್ತು. ಅದೇ ವರ್ಷ ರಾಜ್ಯವನ್ನು ಬರ ಹಿಡಿಯಿತು. 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿದ ರಾಜ್ಯವು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಸುಮಾರು 3,454 ಕೋಟಿ ರೂಪಾಯಿ ಬಂತು.

ದರ ಏರಿದಾಗ ರಫ್ತು ನಿಲ್ಲಿಸಿ, ಇಳಿದಾಗ ಆಮದು ತೆರೆಯುವ ಈ ಪದ್ಧತಿಯಲ್ಲಿ ನಗರದ ಗ್ರಾಹಕನಿಗೂ ಗಿರಣಿಯ ಮಾಲೀಕನಿಗೂ ವಿದೇಶಿ ಸರ್ಕಾರಕ್ಕೂ ಏನಾದರೊಂದು ಸಿಗುತ್ತದೆ. ಬೆಳೆದವನಿಗೆ ಮಾತ್ರ ಎರಡೂ ಸಲ ಕಳೆಯುತ್ತದೆ. ನಮ್ಮ ಹತ್ತಿ ಜಾಗತಿಕ ಪೈಪೋಟಿಗೆ ನಿಲ್ಲಬೇಕೆಂದು ಉಪದೇಶಿಸುವವರು ಇಳುವರಿಯ ಮಾತನ್ನು ಮೊದಲು ಆಡಬೇಕು. ದೇಶದಲ್ಲಿ ಹೆಕ್ಟೇರಿಗೆ ಸುಮಾರು 450 ಕೆ.ಜಿ. ಅರಳೆ (ಬೀಜ ತೆಗೆದ ಹತ್ತಿ) ಮಾತ್ರ ಬರುತ್ತದೆ, ಇದು ಜಾಗತಿಕ ಸರಾಸರಿಗಿಂತ ಬಹಳ ಕಡಿಮೆ. 2006ರಲ್ಲಿ ಬಂದ ಬೋಲ್‌ಗಾರ್ಡ್ 2 ಎಂಬ ಕುಲಾಂತರಿ ಬೀಜಕ್ಕೆ ಗುಲಾಬಿ ಕಾಯಿಕೊರಕ ಜಗ್ಗದೆ ಎಷ್ಟೋ ವರ್ಷವಾಯಿತು. ಹತ್ತಿಯ ಇಳುವರಿ ಹೆಚ್ಚಿಸುವ ಐದು ವರ್ಷಗಳ ಮಿಷನ್ ಅನ್ನು 2025ರ ಫೆಬ್ರುವರಿಯ ಬಜೆಟ್‌ನಲ್ಲಿ ಘೋಷಿಸಿದರು. ಆ ಮಿಷನ್ನಿನ ಒಂದು ಕಾಳು ಬೀಜ ಹೊಲಕ್ಕೆ ಬರುವ ಮೊದಲೇ, ಅದೇ ಆಗಸ್ಟ್‌ನಲ್ಲಿ, ಸುಂಕದ ರಕ್ಷಣೆಯನ್ನು ತೆಗೆದರು.

ವಿನಾಯಿತಿಯನ್ನು 2025ರ ಡಿಸೆಂಬರ್ ನಂತರವೂ ಮುಂದುವರಿಸಬೇಕೆಂದು ಗಿರಣಿ ಮಾಲೀಕರ ಸಂಘಗಳು ಒತ್ತಾಯಿಸಿದ್ದವು. 2024ರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕ್ಷೇತ್ರಗಳಿಂದ ಗೆದ್ದು ಹೋದವರು ವಿರೋಧ ಪಕ್ಷದ ಸಂಸದರೇ ಆಗಿದ್ದಾರೆ; ಅವರು ಸದನದಲ್ಲಿ ಈ ಒಂದು ವಿಷಯಕ್ಕೆ ಒಟ್ಟಾಗಿ ನಿಲ್ಲಬೇಕೆಂದು ನಾನು ಒತ್ತಾಯಿಸುತ್ತೇನೆ. ಸುಂಕ ಬದಲಿಸುವ ಯಾವುದೇ ತೀರ್ಮಾನವನ್ನು ಮುಂಗಾರಿನ ಬಿತ್ತನೆಗೆ ಮೊದಲು, ಏಪ್ರಿಲ್ ಒಳಗೆ ಪ್ರಕಟಿಸಬೇಕು. ಬಿತ್ತಿದ ಮೇಲೆ ಆ ಹಂಗಾಮು ಮುಗಿಯುವವರೆಗೆ ಅದನ್ನು ಮುಟ್ಟಬಾರದು. ಲಾವಣಿದಾರನ ಹತ್ತಿಯನ್ನು ಗ್ರಾಮ ಆಡಳಿತ ಅಧಿಕಾರಿಯ ದೃಢೀಕರಣದ ಮೇಲೆ ಕೊಳ್ಳಬೇಕು. ಅತಿವೃಷ್ಟಿಯೆಂದು ಸರ್ಕಾರವೇ ಘೋಷಿಸಿದ ತಾಲ್ಲೂಕುಗಳಲ್ಲಿ ತೇವಾಂಶದ ಮಿತಿಯನ್ನು ಆ ವರ್ಷದ ಮಟ್ಟಿಗೆ ಸಡಿಲಿಸಬೇಕು. ಇವುಗಳಲ್ಲಿ ಯಾವುದಕ್ಕೂ ಅಮೆರಿಕದ ಒಪ್ಪಿಗೆ ಬೇಕಾಗಿಲ್ಲ.