ಪ್ರಿಂಟರಿಗೊಂದು ಸ್ವಂತ ವಿಳಾಸ

ಜುಲೈ ಬಂತೆಂದರೆ ಕುಂಜಿಬೆಟ್ಟಿನಲ್ಲಿರುವ ಭಾವನ ತೆರಿಗೆ ಆಫೀಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಿಟರ್ನ್ ತುಂಬುವವರ ಗಡಿಬಿಡಿ, ಹೊರಗೆ ಆಟಿಯ ಮಳೆ, ಮೆಟ್ಟಿಲ ತುಂಬ ಒದ್ದೆ ಕೊಡೆಗಳು. ಕಂಪ್ಯೂಟರುಗಳು ನಾಲ್ಕಿದ್ದರೂ ಲೇಸರ್ ಪ್ರಿಂಟರ್ ಒಂದೇ. ಅದು ಯುಎಸ್‌ಬಿ ಕೇಬಲಿನಲ್ಲಿ ಮೂಲೆಮೇಜಿನ ಅಕ್ಕನ ಕಂಪ್ಯೂಟರಿಗೆ ಸೇರಿತ್ತು. ಅಲ್ಲಿಂದ ವಿಂಡೋಸಿನಲ್ಲಿ ಶೇರ್ ಮಾಡಿ ಉಳಿದವರು ಪ್ರಿಂಟ್ ತೆಗೆಯುತ್ತಿದ್ದರು.

ಈ ವ್ಯವಸ್ಥೆಯ ಭಾರವೆಲ್ಲ ಬೀಳುತ್ತಿದ್ದದ್ದು ಅಕ್ಕನ ಮೇಲೆ. ಅವರ ಕಂಪ್ಯೂಟರ್ ಆಫ್ ಆದರೆ ಅಥವಾ ಸ್ಲೀಪಿಗೆ ಹೋದರೆ ಆಫೀಸಿನಲ್ಲಿ ಯಾರಿಗೂ ಪ್ರಿಂಟ್ ಇಲ್ಲ. ಹಿರಿಯಡ್ಕ ಬಸ್ಸಿಗೆ ಹೊರಟವರನ್ನು “ಅಕ್ಕ, ಆಫ್ ಮಾಡ್ಬೇಡಿ ಮಾರಾಯ್ರೆ” ಎಂದು ಒಳಗಿನಿಂದ ಯಾರಾದರೂ ಕೂಗುವುದು ದಿನಾ ಇದ್ದದ್ದೇ. ಅವರ ಪಾಸ್‌ವರ್ಡ್ ಎಲ್ಲರಿಗೂ ಬಾಯಿಪಾಠ. ನನಗೆ ಇದು ಸರಿ ಕಾಣುತ್ತಿರಲಿಲ್ಲ.

ಹೊಸ ಕಂಪ್ಯೂಟರೊಂದು ಬಂದಾಗ ಅದಕ್ಕೆ ಪ್ರಿಂಟರ್ ಸೇರಲೇ ಇಲ್ಲ. 11ಬಿ ಎಂದು ಕೊನೆಯಾಗುವ ಎರರ್. 2021ರ ಸೆಪ್ಟೆಂಬರ್ ಅಪ್‌ಡೇಟಿನ ನಂತರ ತುಂಬ ಕಡೆ ಕಾಣಿಸಿಕೊಂಡದ್ದು ಇದು. ಶೇರ್ ಮಾಡಿದ ಪ್ರಿಂಟರಿನೊಂದಿಗಿನ ಸಂಪರ್ಕ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ನಡುವೆ ಯಾರೂ ಓದಲಾಗದಂತೆ, ಇರಬೇಕೆಂದು ವಿಂಡೋಸ್ ಹಟ ಹಿಡಿದದ್ದರ ಪರಿಣಾಮ. ವಿಂಡೋಸಿನ ಒಳ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಒಂದು ಸೊನ್ನೆ ಬರೆದು ಆ ರಕ್ಷಣೆಯನ್ನೇ ತೆಗೆಯುವ ಸುಲಭದ ದಾರಿ ಇದೆ. ಜನರ ಪ್ಯಾನ್, ಬ್ಯಾಂಕ್ ವಿವರ ಇರುವ ಜಾಗದಲ್ಲಿ ಅದು ಬೇಡವೆಂದು ಭಾವನಿಗೆ ಖಡಾಖಂಡಿತವಾಗಿ ಹೇಳಿದೆ.

ಪ್ರಿಂಟರನ್ನು ಗೋಡೆಯಿಂದ ಈಚೆ ಎಳೆದು ಟಾರ್ಚ್ ಹಿಡಿದೆ. ಯುಎಸ್‌ಬಿ ಕಿಂಡಿಯ ಪಕ್ಕದಲ್ಲೇ, ಕಂಪನಿಯಿಂದ ಬರುವಾಗ ಅಂಟಿಸಿದ್ದ ಸ್ಟಿಕ್ಕರ್ ಹಾಗೇ ಇತ್ತು. ಉಗುರಿನಲ್ಲಿ ಕೆರೆದಾಗ ಕೆಳಗಿದ್ದದ್ದು ನೆಟ್‌ವರ್ಕ್ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟ್! ಇಷ್ಟು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ರೂಟರಿನಿಂದ ಕೇಬಲ್ ಎಳೆದು ಚುಚ್ಚಿದೆ, ಹಸಿರು ದೀಪ ಮಿನುಗಿತು. ಪ್ರಿಂಟರಿನ ಬಟನ್ನನ್ನೇ ಒತ್ತಿ ಹಿಡಿದು ಕಾನ್ಫಿಗರೇಶನ್ ಪುಟ ತೆಗೆದರೆ ರೂಟರ್ ಕೊಟ್ಟ ಐಪಿ ವಿಳಾಸವೂ ಯಂತ್ರದ ಸ್ವಂತ ಗುರುತಾದ ಮ್ಯಾಕ್ ವಿಳಾಸವೂ ಅದರಲ್ಲೇ ಅಚ್ಚಾಗಿ ಬಂದವು.

ಅಲ್ಲಿಗೇ ಬಿಟ್ಟಿದ್ದರೆ ಮಳೆಗಾಲದಲ್ಲಿ ಉಪಯೋಗವಿಲ್ಲ. ಕರೆಂಟು ಹೋಗಿ ಬಂದಾಗ ರೂಟರ್ ಪ್ರಿಂಟರಿಗೆ ಬೇರೆ ಐಪಿ ಕೊಡಬಹುದು, ಆಗ ಎಲ್ಲರ ಪರದೆಯಲ್ಲೂ ‘ಆಫ್‌ಲೈನ್’. ಹಾಗಾಗಿ ರೂಟರಿನ ಪುಟ ತೆರೆದು, ಆ ಮ್ಯಾಕ್ ವಿಳಾಸಕ್ಕೆ 192.168.1.50 ಎಂದು ಕಾಯಂ ಮಾಡಿದೆ. ನಂತರ ಪ್ರತಿ ಕಂಪ್ಯೂಟರಿನಲ್ಲೂ ಡ್ರೈವರ್ ಹಾಕಿ, ಐಪಿ ವಿಳಾಸ ಹಿಡಿದು ನೇರ ಪ್ರಿಂಟರಿಗೆ ಕಳಿಸುವ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟಿಗೆ ಅದೇ ವಿಳಾಸ ಕೊಟ್ಟೆ. ವಿಂಡೋಸ್ ತಾನಾಗಿ ಹುಡುಕಿ ಸೇರಿಸುವ ಡಬ್ಲ್ಯುಎಸ್‌ಡಿ ಪೋರ್ಟ್ ಇವತ್ತು ಕೆಲಸ ಮಾಡಿ ನಾಳೆ ಕೈಕೊಡುವುದನ್ನು ಬೇರೆ ಕಡೆ ಕಂಡಿದ್ದೇನೆ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಬಾರದು. ಶಾಯಿಪುಡಿಯನ್ನು ಕಾಯಿಸಿ ಹಾಳೆಗೆ ಅಂಟಿಸುವ ಅದರ ಫ್ಯೂಸರ್ ಬಿಸಿಯಾಗುವಾಗ ಎಳೆಯುವ ಕರೆಂಟು ಚಿಕ್ಕ ಯುಪಿಎಸ್ ತಾಳುವಂಥದ್ದಲ್ಲ. ರೂಟರಿಗೆ ಯುಪಿಎಸ್ ಇದ್ದರೆ ಸಾಕು.

ಸಂಜೆ ಅಕ್ಕ ಶಟ್ ಡೌನ್ ಕೊಟ್ಟು ಬ್ಯಾಗು ಹೆಗಲಿಗೇರಿಸಿದರು. ಅವರು ಬಾಗಿಲು ದಾಟುವ ಮೊದಲೇ ಭಾವನ ಕ್ಯಾಬಿನ್ನಿನಿಂದ ಕಳಿಸಿದ ಹಾಳೆ ಟ್ರೇಗೆ ಬಿತ್ತು. “ಹೌದಾ, ನಂದು ಆಫ್ ಇದ್ರೂ ಬರ್ತದಾ?” ಎಂದು ತಿರುಗಿ ನೋಡಿದ ಅವರ ಮುಖ ಕಂಡು ನನಗಾದ ಸಂತೋಷ ಸಣ್ಣದಲ್ಲ.

ಒಂದು ಕೆಲಸ ಬಾಕಿಯಿತ್ತು. ಹೀಗೆ ಸೇರಿಸಿದ ಪ್ರಿಂಟರ್ 9100ನೇ ಪೋರ್ಟಿಗೆ, ಅಂದರೆ ನೆಟ್‌ವರ್ಕಿನಿಂದ ಪ್ರಿಂಟ್ ಬರುವ ಬಾಗಿಲಿಗೆ, ಏನು ಬಂದರೂ, ಕಳಿಸಿದ್ದು ಯಾರೆಂದು ಕೇಳದೆ ಅಚ್ಚು ಹಾಕುತ್ತದೆ. ಕಾಯುತ್ತ ಕೂತ ಗಿರಾಕಿಗಳಿಗೂ ಆಫೀಸಿನದೇ ವೈಫೈ ಪಾಸ್‌ವರ್ಡ್ ಕೊಡುವ ರೂಢಿ ಅಲ್ಲಿತ್ತು. ಪ್ರಿಂಟರಿನ ಸೆಟ್ಟಿಂಗ್ ಪುಟಕ್ಕೆ ಅಡ್ಮಿನ್ ಪಾಸ್‌ವರ್ಡ್ ಹಾಕಿ, ಗಿರಾಕಿಗಳಿಗೆ ಗೆಸ್ಟ್ ವೈಫೈ ಬೇರೆ ಮಾಡಿಕೊಟ್ಟು, ಅದರಿಂದ ಪ್ರಿಂಟರ್ ಕಾಣುವುದಿಲ್ಲವೆಂದು ನನ್ನ ಫೋನಿನಲ್ಲೇ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಹೊರಟೆ.